ಓಗೊಡುವವರು ಇದ್ದಾರೆಯೇ?

ಬೆಳಗಿನ ಕಾಫಿ ಮುಗಿಯುವುದರೊಳಗೆ ನಮ್ಮಲ್ಲಿ ಅನೇಕರು ಹಾಲಿನವರಿಗೆ ಫೋನಿನಲ್ಲೇ ದುಡ್ಡು ಕಳಿಸಿರುತ್ತೇವೆ. ಅಪ್ಪನ ಪಿಂಚಣಿ ಜಮೆಯಾಯಿತೇ ಎಂದು ಬ್ಯಾಂಕಿನ ಆ್ಯಪ್ ತೆರೆದು ನೋಡಿರುತ್ತೇವೆ. ಹಬ್ಬಕ್ಕೆ ಊರಿಗೆ ಹೋಗಲು ಬಸ್ಸಿನ ಸೀಟು ಕಾಯ್ದಿರಿಸಿರುತ್ತೇವೆ. ಇಂಥ ಪ್ರತಿ ಕೆಲಸಕ್ಕೂ ಮೊದಲು, ಕಣ್ಣೆವೆ ಮುಚ್ಚಿ ತೆರೆಯುವಷ್ಟರಲ್ಲಿ, ನಮ್ಮ ಫೋನು ಮತ್ತು ಎಲ್ಲೋ ದೂರದ ಕಂಪ್ಯೂಟರಿನ ನಡುವೆ ಒಂದು ಮಾತುಕತೆ ನಡೆದಿರುತ್ತದೆ. ‘ನೀನು ಯಾರೆಂದು ಹೇಳುತ್ತೀಯೋ ಅವನೇ ಹೌದೆನ್ನಲು ಪುರಾವೆ ಕೊಡು. ಆಮೇಲೆ ಮೂರನೆಯವರಿಗೆ ತಿಳಿಯದ ಗುಟ್ಟಿನ ಲಿಪಿಯೊಂದನ್ನು ಗೊತ್ತುಮಾಡಿಕೊಂಡು ಮಾತಾಡೋಣ.’ ನಮಗೆ ಕಾಣುವುದು ‘ಹಣ ಪಾವತಿಯಾಗಿದೆ’ ಎಂಬ ಒಂದು ಸಾಲು ಮಾತ್ರ.

ಈ ಗುಟ್ಟಿನ ಮಾತುಕತೆ ನಡೆಸಿಕೊಡುವ ತಂತ್ರಾಂಶಗಳು ಕೆಲವಿವೆ. ಅವುಗಳಲ್ಲಿ ಬಹು ಹಳೆಯದು, ಬಹಳ ಬಳಕೆಯಲ್ಲಿರುವುದು ಓಪನ್‌ಎಸ್‌ಎಸ್‌ಎಲ್. ಜಗತ್ತಿನ ಅಸಂಖ್ಯ ವೆಬ್ ಸರ್ವರ್‌ಗಳಲ್ಲಿ, ರೌಟರ್‌ಗಳಲ್ಲಿ, ಕಚೇರಿಯ ಯಂತ್ರಗಳಲ್ಲಿ ಅದು ಕೂತಿದೆ. ಅದನ್ನು ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದು, ಅದರ ಕೋಡನ್ನು ಓದಬಹುದು, ತಿದ್ದಬಹುದು, ಹಂಚಬಹುದು. ಅದು ಸರಿಯಾಗಿ ನಡೆಯುತ್ತಿರುವಷ್ಟು ದಿನ ಅದರ ಹೆಸರೂ ನಮ್ಮ ಕಿವಿಗೆ ಬೀಳುವುದಿಲ್ಲ. ಹೀಗೆ ಎಲ್ಲರೂ ನೆಚ್ಚಿಕೊಂಡ, ಯಾರ ಕಣ್ಣಿಗೂ ಬೀಳದ ಸಲಕರಣೆಯೊಂದು ಆರೋಗ್ಯವಾಗಿದೆಯೇ ಎಂದು ತಿಳಿಯುವುದು ಹೇಗೆ? ಈ ಬೆಳಗಿನ ಯೋಚನೆ ಅದರ ಬಗ್ಗೆ.

ಅದು ಹುಟ್ಟಿದ ಬಗೆ ತೀರ ಸರಳ. 1995ರಲ್ಲಿ ಆಸ್ಟ್ರೇಲಿಯಾದ ಎರಿಕ್ ಯಂಗ್ ಮತ್ತು ಟಿಮ್ ಹಡ್ಸನ್ ಸೇರಿ ಎಸ್‌ಎಸ್‌ಎಲ್‌ಇಎವೈ ಎಂಬ ತಂತ್ರಾಂಶ ಬರೆಯತೊಡಗಿದರು. ಕೊನೆಯ ಮೂರು ಅಕ್ಷರ ಯಂಗ್ ಅವರ ಹೆಸರಿನ ಮೊದಲಕ್ಷರಗಳು. ಆ ಕಾಲಕ್ಕೆ ಗಟ್ಟಿಯಾದ ಗುಪ್ತಲಿಪಿ ದೇಶದ ಹೊರಗೆ ಹೋಗದಂತೆ ಅಮೆರಿಕ ಬಿಗಿಯಾದ ಕಟ್ಟಳೆ ವಿಧಿಸಿತ್ತು. ಆಸ್ಟ್ರೇಲಿಯಾದಲ್ಲಿ ಬರೆದದ್ದಕ್ಕೆ ಆ ಕಟ್ಟಳೆಯ ಹಂಗಿರಲಿಲ್ಲ, ಹಾಗಾಗಿ ಅದು ಬೇಗ ಊರೂರು ಸುತ್ತಿತು. 1998ರಲ್ಲಿ ಇಬ್ಬರೂ ಕಂಪನಿಯೊಂದರ ಕೆಲಸಕ್ಕೆ ಸೇರಿದಾಗ, ಬಳಸುತ್ತಿದ್ದವರಲ್ಲೇ ಕೆಲವರು ಕೋಡನ್ನು ಕೈಗೆತ್ತಿಕೊಂಡರು. ಅದೇ ವರ್ಷ ಡಿಸೆಂಬರ್ 23ರಂದು ಓಪನ್‌ಎಸ್‌ಎಸ್‌ಎಲ್ ಎಂಬ ಹೊಸ ಹೆಸರಿನಲ್ಲಿ ಮೊದಲ ಆವೃತ್ತಿ ಹೊರಬಂತು. ಕೈಗೆತ್ತಿಕೊಂಡವರು ಬೇರೆ ಬೇರೆ ದೇಶದವರು. ಸಂಬಳವಿರಲಿಲ್ಲ, ಕಚೇರಿಯಿರಲಿಲ್ಲ. ಜಗತ್ತು ಮಾತ್ರ ಅದರ ಮೇಲೆ ತನ್ನ ವ್ಯಾಪಾರವನ್ನೆಲ್ಲ ಕಟ್ಟುತ್ತಾ ಹೋಯಿತು.

ಎರಡು ಕಂಪ್ಯೂಟರುಗಳ ನಡುವೆ ಗುಟ್ಟಿನ ಸಂಪರ್ಕ ಏರ್ಪಟ್ಟ ಮೇಲೆ ನಡುನಡುವೆ ಒಬ್ಬರನ್ನೊಬ್ಬರು ‘ಇದ್ದೀಯಾ?’ ಎಂದು ವಿಚಾರಿಸಿಕೊಳ್ಳಲು ಮುಂದೆ ಈ ತಂತ್ರಾಂಶಕ್ಕೆ ಒಂದು ಹೊಸ ಏರ್ಪಾಡು ಬಂತು. ಹಾರ್ಟ್‌ಬೀಟ್ ಎಂದು ಅದರ ಹೆಸರು. ಒಬ್ಬ ಒಂದು ಮಾತು ಕಳಿಸಿ, ಅದು ಎಷ್ಟು ಉದ್ದದ್ದು ಎಂದೂ ಹೇಳುತ್ತಾನೆ. ಇನ್ನೊಬ್ಬ ಅದೇ ಮಾತನ್ನು ಮರಳಿಸಿ ‘ಇದ್ದೀನಿ’ ಎಂದು ತೋರಿಸುತ್ತಾನೆ. ‘ಅವಲಕ್ಕಿ, ನಾಲ್ಕು ಅಕ್ಷರ’ ಎಂದು ಕಳಿಸಿದರೆ ‘ಅವಲಕ್ಕಿ’ ಎಂದು ವಾಪಸು ಬರಬೇಕು. ಆದರೆ ‘ಅವಲಕ್ಕಿ, ಅರವತ್ತು ಸಾವಿರ ಅಕ್ಷರ’ ಎಂದು ಸುಳ್ಳು ಹೇಳಿದರೆ? ಬಂದದ್ದು ನಿಜಕ್ಕೂ ಅಷ್ಟು ಉದ್ದವಿದೆಯೇ ಎಂದು ನೋಡುವ ಒಂದು ತಪಾಸಣೆ ಕೋಡಿನಲ್ಲಿ ಬಿಟ್ಟುಹೋಗಿತ್ತು. ಪಾಪದ ಸರ್ವರ್ ನಾಲ್ಕು ಅಕ್ಷರ ಕೊಟ್ಟು, ಉಳಿದ ಲೆಕ್ಕ ತುಂಬಿಸಲು ತನ್ನ ನೆನಪಿನಲ್ಲಿ ಅದರ ಪಕ್ಕದಲ್ಲಿದ್ದದ್ದನ್ನೆಲ್ಲ ಎತ್ತಿ ಕೊಡುತ್ತಿತ್ತು. ಯಾರದೋ ಪಾಸ್‌ವರ್ಡ್, ಯಾರದೋ ಪತ್ರ, ಕೆಲವೊಮ್ಮೆ ಸರ್ವರಿನ ಗುಪ್ತ ಕೀಲಿಯೇ. ಒಂದು ಸಲಕ್ಕೆ 64 ಕಿಲೋಬೈಟ್‌ವರೆಗೆ, ಎಷ್ಟು ಸಲ ಬೇಕಾದರೂ. ಕೇಳಿದವನ ಗುರುತು ಸರ್ವರಿನ ದಾಖಲೆಯಲ್ಲಿ ಉಳಿಯುತ್ತಲೂ ಇರಲಿಲ್ಲ.

ಆ ಕೋಡು ಓಪನ್‌ಎಸ್‌ಎಸ್‌ಎಲ್ ಒಳಗೆ ಸೇರಿದ್ದು 2011ರ ಡಿಸೆಂಬರ್ 31ರಂದು. ಬರೆದವರು ಒಬ್ಬರು, ಓದಿ ಒಪ್ಪಿದವರು ಇನ್ನೊಬ್ಬರು. ಇಬ್ಬರ ಕಣ್ಣೂ ತಪ್ಪಿತು. 2012ರ ಮಾರ್ಚ್ 14ರಂದು 1.0.1 ಆವೃತ್ತಿಯೊಂದಿಗೆ ಅದು ಲೋಕದ ಕೈಸೇರಿತು. ಎರಡು ವರ್ಷ ಯಾರಿಗೂ ಗೊತ್ತಾಗಲಿಲ್ಲ. ಕೊನೆಗೆ ಗೂಗಲ್‌ನ ನೀಲ್ ಮೆಹ್ತಾ ಮತ್ತು ಫಿನ್ಲೆಂಡಿನ ಕೋಡೆನೊಮಿಕಾನ್ ಕಂಪನಿಯ ಎಂಜಿನಿಯರುಗಳು ಹೆಚ್ಚುಕಡಿಮೆ ಒಂದೇ ಹೊತ್ತಿಗೆ, ಒಬ್ಬರಿಗೆ ತಿಳಿಯದಂತೆ ಇನ್ನೊಬ್ಬರು, ಅದನ್ನು ಕಂಡುಹಿಡಿದರು. 2014ರ ಏಪ್ರಿಲ್ 7ರಂದು ಸುದ್ದಿ ಹೊರಬಿತ್ತು. ಹಾರ್ಟ್‌ಬ್ಲೀಡ್ ಎಂದು ಅದಕ್ಕೆ ಹೆಸರಾಯಿತು. ಸುಮಾರು 5 ಲಕ್ಷ ವೆಬ್‌ಸೈಟುಗಳಿಗೆ ಈ ಅಪಾಯವಿದೆ ಎಂದು ನೆಟ್‌ಕ್ರಾಫ್ಟ್ ಸಂಸ್ಥೆ ಅಂದಾಜು ಮಾಡಿತು. ಕೆನಡಾದಲ್ಲಿ ಅದು ತೆರಿಗೆ ವಿವರ ಸಲ್ಲಿಸುವ ಕಾಲ. ಅಲ್ಲಿನ ಕಂದಾಯ ಇಲಾಖೆ ತನ್ನ ಸೈಟನ್ನೇ ಕೆಲವು ದಿನ ಮುಚ್ಚಿತು. ಅಷ್ಟರೊಳಗೆ ಸುಮಾರು 900 ಜನರ ಸಾಮಾಜಿಕ ವಿಮಾ ಸಂಖ್ಯೆಗಳು ಕಳುವಾಗಿದ್ದವು.

ದೋಷ ತಿದ್ದಲು ಬೇಕಾದದ್ದು ಕೆಲವೇ ಸಾಲು: ‘ಹೇಳಿದ ಉದ್ದಕ್ಕೂ ಬಂದ ಮಾತಿಗೂ ತಾಳೆಯಾಗದಿದ್ದರೆ ಸುಮ್ಮನೆ ಬಿಟ್ಟುಬಿಡು.’ ಇಷ್ಟು ಚಿಕ್ಕ ತಪ್ಪು ಇಷ್ಟು ದಿನ ಹೇಗೆ ಉಳಿಯಿತು ಎಂಬ ಪ್ರಶ್ನೆ ಎದ್ದಾಗ ಜನ ಮೊದಲ ಬಾರಿಗೆ ಕೋಡನ್ನು ಬಿಟ್ಟು ಅದರ ಹಿಂದಿನ ಮನುಷ್ಯರ ಕಡೆ ತಿರುಗಿದರು. ಕಂಡದ್ದನ್ನು ನಂಬುವುದು ಕಷ್ಟವಾಯಿತು. ಕೋಟ್ಯಂತರ ಜನರ ಗುಟ್ಟು ಕಾಯುವ ಆ ತಂತ್ರಾಂಶಕ್ಕೆ ಪೂರ್ತಿ ಸಮಯ ಕೊಟ್ಟು ದುಡಿಯುತ್ತಿದ್ದವರು ಒಬ್ಬರೇ ಒಬ್ಬರು. ಮಿಕ್ಕ ಕೆಲವರು ತಮ್ಮ ತಮ್ಮ ಉದ್ಯೋಗದ ನಡುವೆ ಬಿಡುವು ಮಾಡಿಕೊಂಡು ಕೈಜೋಡಿಸುತ್ತಿದ್ದವರು. ಅದರ ಹಣಕಾಸು ನೋಡಿಕೊಳ್ಳುತ್ತಿದ್ದ ಸ್ಟೀವ್ ಮಾರ್ಕ್ವೆಸ್ ಲೆಕ್ಕ ಬಿಚ್ಚಿಟ್ಟರು. ವರ್ಷವೊಂದಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್. ದಣಿದ ನಾಲ್ಕಾರು ಜನರ ಕಣ್ಣಿಗೆ ಈ ದೋಷ ಬೀಳದಿದ್ದುದು ಆಶ್ಚರ್ಯವಲ್ಲ, ಇಂಥದ್ದು ಇನ್ನೂ ಹೆಚ್ಚು ಸಲ ಆಗದಿದ್ದುದೇ ಆಶ್ಚರ್ಯ ಎಂಬ ಅರ್ಥದಲ್ಲಿ ಅವರು ಬರೆದರು. ಕನಿಷ್ಠ ಆರು ಜನರಾದರೂ ಪೂರ್ಣಾವಧಿ ಇರಬೇಕು ಎಂದೂ ಕೇಳಿಕೊಂಡರು.

ದೇಣಿಗೆ ಅಷ್ಟೇ ಇದ್ದ ಮೇಲೆ ಸಂಸಾರ ಸಾಗುತ್ತಿದ್ದದ್ದು ಹೇಗೆ? ಕಂಪನಿಗಳು ವಹಿಸಿಕೊಡುವ ಗುತ್ತಿಗೆ ಕೆಲಸದಿಂದ. ನಮಗೆ ಈ ಸೌಲಭ್ಯ ಸೇರಿಸಿಕೊಡಿ, ಈ ಸರ್ಕಾರಿ ಪ್ರಮಾಣಪತ್ರ ಸಿಗುವಂತೆ ಮಾಡಿಕೊಡಿ ಎಂದು ಬಂದವರು ಹಣ ಕೊಡುತ್ತಿದ್ದರು. ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಹೊಸತನ್ನು ಸೇರಿಸಲು ಹಣವಿತ್ತು. ಹಳೆಯದನ್ನು ಓದಿ ನೋಡಲು, ಬೇಡವಾದದ್ದನ್ನು ತೆಗೆಯಲು, ವಿವರಣೆ ಬರೆಯಲು, ಬಂದ ದೂರುಗಳಿಗೆ ಉತ್ತರಿಸಲು ಯಾರೂ ಹಣ ಕೊಡಲಿಲ್ಲ. ಕೊಡದವರು ಕೆಟ್ಟವರೆಂದಲ್ಲ. ಹೊಸ ಸೌಲಭ್ಯ ಕಣ್ಣಿಗೆ ಕಾಣುತ್ತದೆ, ಅದಕ್ಕೊಂದು ಬಿಲ್ ಮಾಡಬಹುದು. ಆಗದೆ ತಪ್ಪಿಹೋದ ಅನಾಹುತಕ್ಕೆ ಬಿಲ್ ಬರೆಯುವುದು ಹೇಗೆ? ನೋಡಿಕೊಳ್ಳುವ ಕೆಲಸದ ಕಷ್ಟವೇ ಇದು. ಅದು ಚೆನ್ನಾಗಿ ನಡೆದರೆ ಏನೂ ಆಗುವುದಿಲ್ಲ, ಏನೂ ಆಗದಿದ್ದರೆ ಯಾರೂ ನೆನೆಯುವುದಿಲ್ಲ.

ನಮ್ಮ ಹಿಂದಿನವರಿಗೆ ಈ ಕಷ್ಟ ಗೊತ್ತಿತ್ತು ಎನಿಸುತ್ತದೆ. ಕನ್ನಡನಾಡಿನ ಶಾಸನಗಳಲ್ಲಿ ಕೆರೆ ಕಟ್ಟಿಸಿದವರ ಹೆಸರಿನ ಜೊತೆಗೆ ಕೆರೆಯ ಮುಂದಿನ ಬಾಳಿಗೆ ಬಿಟ್ಟ ಭೂಮಿಯ ಮಾತೂ ಬರುತ್ತದೆ. ಬಿತ್ತುವಟ್ಟ, ಕಟ್ಟುಕೊಡಗೆ, ಕೆರೆಗೊಡಗೆ ಎಂದು ಅದಕ್ಕೆ ಹಲವು ಹೆಸರು. ಹೂಳು ತೆಗೆಯುವುದಕ್ಕೆ, ಏರಿ ಗಟ್ಟಿಮಾಡುವುದಕ್ಕೆ, ತೂಬು ರಿಪೇರಿಗೆ ಆ ಭೂಮಿಯ ಹುಟ್ಟುವಳಿ. ನೀರು ಬಿಡುವ ನೀರುಗಂಟಿಗೆ ಊರವರು ಸುಗ್ಗಿಯಲ್ಲಿ ಕಾಳು ಅಳೆದು ಕೊಡುತ್ತಿದ್ದರು. ಕೆರೆ ಕಟ್ಟುವ ದಿನವೇ ಹೂಳು ತುಂಬುವ ದಿನವನ್ನೂ ಲೆಕ್ಕಕ್ಕೆ ಹಿಡಿದಿದ್ದರು. ಈ ಕಾಲದ ತಂತ್ರಾಂಶ ಕಟ್ಟಿದವರು, ಅದಕ್ಕಿಂತ ಹೆಚ್ಚಾಗಿ ಅದನ್ನು ಬಳಸಿ ಬೆಳೆದವರು, ಈ ಲೆಕ್ಕವನ್ನು ಮರೆತಿದ್ದರು.

ಮರೆವಿಗೆ ಒಂದು ನಂಬಿಕೆಯೂ ಕಾರಣ. ಕೋಡು ಎಲ್ಲರಿಗೂ ತೆರೆದಿದೆ, ನೋಡುವ ಕಣ್ಣು ಹೆಚ್ಚಿದ್ದಷ್ಟೂ ತಪ್ಪು ಬೇಗ ಸಿಗುತ್ತದೆ ಎಂದು ಮುಕ್ತ ತಂತ್ರಾಂಶದ ಪ್ರತಿಪಾದಕ ಎರಿಕ್ ರೇಮಂಡ್ 1990ರ ದಶಕದಲ್ಲಿ ಹೇಳಿದ್ದರು. ಮಾತು ಸುಳ್ಳಲ್ಲ. ಆದರೆ ನೋಡಬಹುದು ಎನ್ನುವುದಕ್ಕೂ ನೋಡುತ್ತಿದ್ದಾರೆ ಎನ್ನುವುದಕ್ಕೂ ಬಹಳ ಅಂತರವಿದೆ. ಇಷ್ಟು ದೊಡ್ಡ ಕಂಪನಿಗಳು ಬಳಸುತ್ತಿವೆ, ಅವರು ನೋಡಿರುತ್ತಾರೆ ಎಂದು ಸಣ್ಣವರು ಅಂದುಕೊಂಡರು. ಇಷ್ಟು ಜನ ಬಳಸುತ್ತಿದ್ದಾರೆ, ಯಾರಾದರೂ ನೋಡಿರುತ್ತಾರೆ ಎಂದು ದೊಡ್ಡವರೂ ಅಂದುಕೊಂಡರು. ಬಳಸುವವರ ಸಂಖ್ಯೆ ಏರಿದಂತೆ ನಂಬಿಕೆ ಏರಿತು, ನೋಡುವವರ ಸಂಖ್ಯೆ ಮಾತ್ರ ಇದ್ದಲ್ಲೇ ಇತ್ತು. ಜನಪ್ರಿಯತೆಯನ್ನೇ ಆರೋಗ್ಯ ಎಂದು ಭಾವಿಸಿದ್ದು ಇಲ್ಲಿ ಆದ ದೊಡ್ಡ ಎಡವಟ್ಟು.

ಆಮೇಲೆ ಪರಿಸ್ಥಿತಿ ಬದಲಾಯಿತು. 2014ರ ಏಪ್ರಿಲ್ 24ರಂದು ಲಿನಕ್ಸ್ ಫೌಂಡೇಶನ್ ಒಂದು ನಿಧಿ ಪ್ರಕಟಿಸಿತು. ಅಮೆಜಾನ್, ಗೂಗಲ್, ಮೈಕ್ರೋಸಾಫ್ಟ್, ಐಬಿಎಂ, ಇಂಟೆಲ್ ಮೊದಲಾದ ಕಂಪನಿಗಳು ಮೂರು ವರ್ಷ, ವರ್ಷಕ್ಕೆ ತಲಾ 1 ಲಕ್ಷ ಡಾಲರ್ ಕೊಡಲು ಒಪ್ಪಿದವು. ಓಪನ್‌ಎಸ್‌ಎಸ್‌ಎಲ್‌ನಲ್ಲಿ ಪೂರ್ಣಾವಧಿ ದುಡಿಯಲು ಇಬ್ಬರಿಗೆ ಅದರಿಂದ ಸಂಬಳ ದೊರೆಯಿತು. ತಂಡಕ್ಕೆ ಹೊಸಬರು ಬಂದರು. ನನಗೆ ಹಣಕ್ಕಿಂತ ಮುಖ್ಯವಾಗಿ ಕಾಣುವುದು ಅದೇ ವರ್ಷ ಜೂನ್ ಕೊನೆಯಲ್ಲಿ ತಂಡ ಹೊರಡಿಸಿದ ಒಂದು ಕಾಗದ. ತಮ್ಮಲ್ಲಿ ಏನೇನು ಸರಿಯಿಲ್ಲ ಎಂದು ಅವರೇ ಅದರಲ್ಲಿ ಪಟ್ಟಿ ಮಾಡಿದ್ದರು. ಉತ್ತರಿಸದೆ ಬಿದ್ದಿರುವ ದೂರುಗಳ ರಾಶಿ. ಅರೆಬರೆ ವಿವರಣೆ. ತೊಡಕಾದ ಕೋಡು. ಒಬ್ಬೊಬ್ಬರದು ಒಂದೊಂದು ಶೈಲಿ. ಬರೆದದ್ದನ್ನು ಇನ್ನೊಬ್ಬರು ಓದಿ ನೋಡುವ ಕ್ರಮವಿಲ್ಲ. ಮುಂದಿನ ಆವೃತ್ತಿ ಯಾವಾಗ ಎಂಬುದಕ್ಕೆ ಗೊತ್ತುಗುರಿಯಿಲ್ಲ. ಆ ಪಟ್ಟಿ ಓದಿದರೆ ಮುಜುಗರವಾಗುವುದಿಲ್ಲ, ಧೈರ್ಯ ಬರುತ್ತದೆ. 2015ರ ಮೊದಲಲ್ಲಿ ಇಡೀ ಕೋಡನ್ನು ಒಂದೇ ಶೈಲಿಗೆ ತಂದು, ಸಾಲು ಸಾಲಾಗಿ ಒಪ್ಪವಾಗಿ ಜೋಡಿಸಿದರು. ಹೊಸ ಸೌಲಭ್ಯ ಒಂದೂ ಬರಲಿಲ್ಲ, ಆದರೆ ಓದಲು ಬಂದವರ ಕಣ್ಣಿಗೆ ಕೋಡು ನಿಲುಕುವಂತಾಯಿತು.

ಈಗ ತಂತ್ರಾಂಶಗಳ ಆರೋಗ್ಯಕ್ಕೆ ಅಂಕ ಕೊಡುವ ಏರ್ಪಾಡುಗಳೂ ಇವೆ. ಓಪನ್‌ಎಸ್‌ಎಸ್‌ಎಫ್ ಎಂಬ ಕೂಟ ರೂಪಿಸಿದ ಸ್ಕೋರ್‌ಕಾರ್ಡ್ ಹತ್ತಕ್ಕೆ ಇಷ್ಟು ಎಂದು ಅಂಕ ಹಾಕುತ್ತದೆ. ಕಳೆದ 90 ದಿನಗಳಲ್ಲಿ ಕೆಲಸ ನಡೆದಿದೆಯೇ, ಬದಲಾವಣೆಗಳನ್ನು ಬೇರೆಯವರು ಓದಿ ಒಪ್ಪಿದ್ದಾರೆಯೇ, ದೋಷ ಕಂಡವರು ಯಾರಿಗೆ ತಿಳಿಸಬೇಕೆಂದು ಬರೆದಿದೆಯೇ, ಇಂಥ ಪ್ರಶ್ನೆಗಳು ಅದರಲ್ಲಿವೆ. ಒಳ್ಳೆಯ ಪ್ರಶ್ನೆಗಳೇ. ಕೇಳದಿರುವುದಕ್ಕಿಂತ ಕೇಳುವುದು ಎಷ್ಟೋ ಮೇಲು. ಆದರೂ ಅಂಕ ನೋಡಿ ನಿಶ್ಚಿಂತರಾಗುವಂತಿಲ್ಲ. ಮೂರು ತಿಂಗಳು ಸದ್ದಿಲ್ಲದ ತಂತ್ರಾಂಶ ಪಕ್ವವಾಗಿ ನಿಂತದ್ದಿರಬಹುದು, ಕೈಬಿಟ್ಟದ್ದೂ ಇರಬಹುದು. ದಿನಕ್ಕೆ ಹತ್ತು ಬದಲಾವಣೆ ಕಾಣುವ ಕಡೆ ಉತ್ಸಾಹವಿರಬಹುದು, ದಿಕ್ಕೆಟ್ಟ ಗಡಿಬಿಡಿಯೂ ಇರಬಹುದು. ಹೊರಗಿನಿಂದ ಎಣಿಸುವವರಿಗೆ ಎರಡೂ ಒಂದೇ ಸಂಖ್ಯೆ.

ದೋಷಗಳ ಎಣಿಕೆಯೂ ಹೀಗೆಯೇ ದಾರಿ ತಪ್ಪಿಸುತ್ತದೆ. ಹಾರ್ಟ್‌ಬ್ಲೀಡ್ ಆದಮೇಲೆ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಒಂದರ ಹಿಂದೊಂದು ದೋಷಗಳು ಹೊರಬಂದವು. ಅಯ್ಯೋ, ಇದು ಹಾಳಾಯಿತು ಎಂದವರಿದ್ದರು. ನಿಜಕ್ಕೂ ಆಗಿದ್ದು ಬೇರೆ: ಜನ ನೋಡತೊಡಗಿದ್ದರು. ಕೋಡಿಗೆ ಹಗಲಿರುಳು ಅಡ್ಡಾದಿಡ್ಡಿ ಮಾಹಿತಿ ತುರುಕಿ ಎಲ್ಲಿ ಮುಗ್ಗರಿಸುತ್ತದೆಂದು ಪರೀಕ್ಷಿಸುವ ಯಂತ್ರಗಳು ಬಂದವು. ಹತ್ತು ವರ್ಷ ದೋಷವೇ ವರದಿಯಾಗದ ಭದ್ರತಾ ತಂತ್ರಾಂಶ ಕಂಡರೆ ನಾನಂತೂ ಹಿಂಜರಿಯುತ್ತೇನೆ. 2022ರ ಅಕ್ಟೋಬರ್ 25ರಂದು ಓಪನ್‌ಎಸ್‌ಎಸ್‌ಎಲ್ ತಂಡ ಒಂದು ಮುನ್ಸೂಚನೆ ಕೊಟ್ಟಿತು: ಅತಿ ಗಂಭೀರ ದೋಷವೊಂದಿದೆ, ನವೆಂಬರ್ 1ಕ್ಕೆ ತಿದ್ದುಪಡಿ ಬರುತ್ತದೆ, ಸಿದ್ಧವಾಗಿರಿ. ವಿವರ ಹೇಳಲಿಲ್ಲ, ದಿನಾಂಕ ಮಾತ್ರ ಹೇಳಿದರು. ಲೋಕದ ಎಂಜಿನಿಯರುಗಳು ಆ ದಿನಕ್ಕೆ ಬೇರೆ ಕೆಲಸ ಬದಿಗಿಟ್ಟು ಕಾದರು. ತಿದ್ದುಪಡಿ ಹೇಳಿದ ದಿನವೇ ಬಂತು. ಜೊತೆಗೆ, ನಾವು ಮೊದಲು ಅಂದಾಜಿಸಿದಷ್ಟು ಗಂಭೀರವಲ್ಲ ಎಂದು ತಂಡವೇ ದರ್ಜೆಯನ್ನು ಒಂದು ಮೆಟ್ಟಿಲು ಇಳಿಸಿ, ಕಾರಣವನ್ನೂ ಬರೆಯಿತು. ಕೆಲವರು ನಕ್ಕರು, ಸುಮ್ಮನೆ ಹೆದರಿಸಿದರು ಎಂದರು. ನನಗೆ ಇದು ಆರೋಗ್ಯದ ಲಕ್ಷಣವಾಗಿ ಕಾಣುತ್ತದೆ. ಮುಂಚಿತವಾಗಿ ತಿಳಿಸಿದರು, ಹೇಳಿದ ದಿನಕ್ಕೆ ಬಂದರು, ಹೊಸ ವಿಷಯ ತಿಳಿದಾಗ ಮಾತು ತಿದ್ದಿಕೊಂಡರು.

ಇನ್ನೊಂದು ಲಕ್ಷಣ, ಬಿಡಲು ಗೊತ್ತಿರುವುದು. 2014ರಲ್ಲಿ ಓಪನ್‌ಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಂನ ತಂಡ ಇದೇ ಕೋಡನ್ನು ಕವಲೊಡೆಸಿ ಲಿಬ್ರೆಎಸ್‌ಎಸ್‌ಎಲ್ ಎಂದು ಹೆಸರಿಟ್ಟಿತು. ಮೊದಲ ವಾರದಲ್ಲೇ ಅವರು 90,000 ಸಾಲು ಕಿತ್ತುಹಾಕಿದರು. ಎಂದೋ ಬಳಕೆ ತಪ್ಪಿದ ಯಂತ್ರಗಳಿಗಾಗಿ ಬರೆದ, ಯಾರೂ ತೆಗೆಯುವ ಧೈರ್ಯ ಮಾಡದ ಕೋಡು ಅಷ್ಟಿತ್ತು. ಓಪನ್‌ಎಸ್‌ಎಸ್‌ಎಲ್ ತಂಡವೂ ಮುಂದೆ ಪ್ರತಿ ಆವೃತ್ತಿಗೆ ಆಯುಸ್ಸು ಗೊತ್ತುಮಾಡಿ ಮೊದಲೇ ಹೇಳತೊಡಗಿತು. 2018ರ ಸೆಪ್ಟೆಂಬರ್ 11ರಂದು ಬಂದ 1.1.1 ಆವೃತ್ತಿಗೆ 2023ರ ಸೆಪ್ಟೆಂಬರ್ 11ಕ್ಕೆ ಉಚಿತ ಆರೈಕೆ ನಿಂತಿತು. 3.0 ಆವೃತ್ತಿಗೆ 2026ರ ಸೆಪ್ಟೆಂಬರ್ 7ರ ಗಡುವು. 2025ರ ಏಪ್ರಿಲ್ 8ರಂದು ಬಂದ 3.5ಕ್ಕೆ ಐದು ವರ್ಷ. ಮುಂದೆಂದೋ ಬರಬಹುದಾದ ಕ್ವಾಂಟಮ್ ಕಂಪ್ಯೂಟರುಗಳೂ ಒಡೆಯಲಾರವೆಂದು ನಂಬಲಾದ ಹೊಸ ಗುಪ್ತಲಿಪಿಗಳನ್ನು ಅದರಲ್ಲಿ ಸೇರಿಸಿದ್ದಾರೆ. ‘ಇಷ್ಟು ದಿನ ನೋಡಿಕೊಳ್ಳುತ್ತೇವೆ, ಆಮೇಲೆ ಇಲ್ಲ’ ಎನ್ನುವುದು ಒರಟು ಮಾತಿನಂತೆ ಕೇಳಬಹುದು. ಆದರೆ ಎಲ್ಲವನ್ನೂ ಎಂದೆಂದಿಗೂ ನೋಡಿಕೊಳ್ಳುತ್ತೇವೆ ಎಂದು ಹೇಳಿ ಯಾವುದನ್ನೂ ನೋಡದಿರುವುದಕ್ಕಿಂತ ಅದು ಸಾವಿರ ಪಾಲು ಪ್ರಾಮಾಣಿಕ.

ಹಾಗೆಂದು ತೆಗೆಯುವುದೆಲ್ಲ ಒಳ್ಳೆಯದಲ್ಲ. 2006ರಲ್ಲಿ ಡೆಬಿಯನ್ ಎಂಬ ಲಿನಕ್ಸ್ ಬಳಗದಲ್ಲಿ, ಕೋಡು ಪರೀಕ್ಷಿಸುವ ಸಲಕರಣೆಯೊಂದು ಓಪನ್‌ಎಸ್‌ಎಸ್‌ಎಲ್‌ನ ಕೆಲವು ಸಾಲುಗಳ ಮೇಲೆ ದೂರು ಹೇಳಿತು. ನೋಡಿಕೊಳ್ಳುತ್ತಿದ್ದವರು ತೆಗೆಯಬಹುದೇ ಎಂದು ವಿಚಾರಿಸಿದರು, ಯಾರೂ ಬೇಡವೆನ್ನಲಿಲ್ಲ, ತೆಗೆದರು. ಆ ಸಾಲುಗಳಲ್ಲಿ ಒಂದು, ಗುಪ್ತ ಕೀಲಿ ಮಾಡಲು ಬೇಕಾದ ಊಹಾತೀತ ಸಂಖ್ಯೆಗಳನ್ನು ಕಲೆಹಾಕುವಂಥದ್ದು. ಅದು ಹೋದ ಮೇಲೆ ಯಂತ್ರ ತಯಾರಿಸಬಹುದಾದ ಕೀಲಿಗಳು ಪ್ರತಿ ಬಗೆಯಲ್ಲೂ ಸುಮಾರು 32,000ಕ್ಕೆ ಇಳಿದವು. ಎಣಿಸಲಾರದಷ್ಟು ಇರಬೇಕಾದದ್ದು ಒಂದು ಸಣ್ಣ ಪಟ್ಟಣದ ಮನೆಗಳಷ್ಟಾಯಿತು. 2008ರ ಮೇ 13ರಂದು ವಿಷಯ ಹೊರಬಂದಾಗ ಲೋಕದಾದ್ಯಂತ ಕೀಲಿಗಳನ್ನು ಬದಲಾಯಿಸಬೇಕಾಯಿತು. ಒಪ್ಪಗೊಳಿಸುವ ಸದುದ್ದೇಶದಿಂದಲೇ ಆದ ಅನಾಹುತ ಅದು. ಆ ಸಾಲು ಏಕಿದೆ ಎಂದು ಬಲ್ಲವರು ಇದ್ದರು, ಕೇಳಿದವರೂ ಇದ್ದರು. ಇಬ್ಬರ ನಡುವೆ ಪೂರ್ತಿ ಉತ್ತರವೊಂದು ದಾಟಲಿಲ್ಲ, ಅಷ್ಟೇ.

ಹೀಗೆ ಎಲ್ಲಿಂದ ಹೊರಟರೂ ಕೊನೆಗೆ ಬಂದು ನಿಲ್ಲುವುದು ಮನುಷ್ಯರ ಮುಂದೆ. ಪತ್ರಕರ್ತರು, ವಕೀಲರು, ಹೋರಾಟಗಾರರು ಮಿಂಚಂಚೆಯನ್ನು ಗುಟ್ಟಾಗಿಡಲು ಬಳಸುವ ಜಿಎನ್‌ಯುಪಿಜಿ ಎಂಬ ತಂತ್ರಾಂಶವಿದೆ. ಜರ್ಮನಿಯ ವರ್ನರ್ ಕಾಖ್ 1997ರಿಂದ ಅದನ್ನು ಬರೆದು ನೋಡಿಕೊಂಡು ಬಂದವರು. ಹೆಚ್ಚಿನ ಕಾಲ ಒಬ್ಬರೇ. ಆದಾಯ ಸಾಲದೆ ಬೇರೆ ಕೆಲಸ ಹುಡುಕಲೇ ಎಂದು ಅವರು ಯೋಚಿಸುತ್ತಿದ್ದ ಹೊತ್ತಿಗೆ, 2013ರಲ್ಲಿ, ಅಮೆರಿಕ ಸರ್ಕಾರದ ಗುಪ್ತ ಕಣ್ಗಾವಲಿನ ಬಗ್ಗೆ ಎಡ್ವರ್ಡ್ ಸ್ನೋಡೆನ್ ಬಯಲು ಮಾಡಿದ ಸಂಗತಿಗಳು ಬಂದವು. ಈಗ ಬಿಡುವ ಕಾಲವಲ್ಲ ಎಂದು ಅವರು ಮುಂದುವರಿದರು. 2015ರ ಫೆಬ್ರುವರಿಯಲ್ಲಿ ಅಮೆರಿಕದ ಪ್ರೊಪಬ್ಲಿಕಾ ಸುದ್ದಿಸಂಸ್ಥೆ ಅವರ ಪಾಡನ್ನು ವರದಿ ಮಾಡಿತು. ಕೆಲವೇ ಗಂಟೆಗಳಲ್ಲಿ ದೇಣಿಗೆ ಹರಿದುಬಂತು. ಫೇಸ್‌ಬುಕ್ ಮತ್ತು ಸ್ಟ್ರೈಪ್ ವರ್ಷಕ್ಕೆ ತಲಾ 50,000 ಡಾಲರ್ ಕೊಡುವುದಾಗಿ ಹೇಳಿದವು. ಸಂತೋಷದ ಸುದ್ದಿಯೇ. ಆದರೆ ಒಬ್ಬರ ಮನೆಯ ಕಷ್ಟ ಪತ್ರಿಕೆಯಲ್ಲಿ ಬಂದ ಮೇಲಷ್ಟೇ ಲೋಕಕ್ಕೆ ಅವರ ದುಡಿಮೆ ನೆನಪಾಗುವುದಾದರೆ, ಪತ್ರಿಕೆಗೆ ಬಾರದವರ ಗತಿ ಏನು?

ಆ ಗತಿ ಎಲ್ಲಿಗೆ ಮುಟ್ಟಬಹುದು ಎಂಬುದು 2024ರಲ್ಲಿ ಕಂಡಿತು. ಎಕ್ಸ್‌ಝಡ್ ಎಂಬುದು ಕಡತಗಳನ್ನು ಒತ್ತಿ ಚಿಕ್ಕದಾಗಿಸುವ ಪುಟ್ಟ ತಂತ್ರಾಂಶ. ವರ್ಷಗಟ್ಟಲೆ ಒಬ್ಬರೇ, ಸಂಬಳವಿಲ್ಲದೆ, ಅದನ್ನು ನೋಡಿಕೊಂಡಿದ್ದರು. ದಣಿದಿದ್ದರು. ಆಗ ಜಿಯಾ ತಾನ್ ಎಂಬ ಹೆಸರಿನ ಸಹಾಯಕ ಒದಗಿಬಂದ. ಎರಡು ವರ್ಷಕ್ಕೂ ಮಿಕ್ಕಿ ತಾಳ್ಮೆಯಿಂದ ಉಪಯುಕ್ತ ಕೆಲಸ ಮಾಡಿದ. ಇನ್ನು ಕೆಲವು ಹೆಸರುಗಳು ಬಂದು, ಕೆಲಸ ನಿಧಾನವಾಗುತ್ತಿದೆ, ಬೇರೆಯವರಿಗೆ ಬಿಟ್ಟುಕೊಡಬಾರದೇ ಎಂದು ಒತ್ತಾಯಿಸಿದವು. ಜವಾಬ್ದಾರಿ ಕೈಗೆ ಬಂದ ಮೇಲೆ ಅವನು 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಒಂದು ಕಳ್ಳಗಂಡಿ ಇಟ್ಟ. ಸರ್ವರುಗಳಿಗೆ ದೂರದಿಂದ ಲಾಗಿನ್ ಆಗುವ ವ್ಯವಸ್ಥೆಯೊಳಗೆ ನುಗ್ಗುವ ಗಂಡಿ ಅದು. ಆಂಡ್ರೆಸ್ ಫ್ರಾಯಂಡ್ ಎಂಬ ಎಂಜಿನಿಯರ್ ತಮ್ಮ ಯಂತ್ರದಲ್ಲಿ ಲಾಗಿನ್ ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ, ಏಕೆ ಎಂದು ಬೆನ್ನುಹತ್ತಿ, ಮಾರ್ಚ್ 29ರಂದು ಅದನ್ನು ಬಯಲಿಗೆಳೆದರು. ಬಹುಪಾಲು ಜಗತ್ತಿಗೆ ಹರಡುವ ಮೊದಲೇ ಸಿಕ್ಕಿತು, ಪುಣ್ಯ. ಆದರೆ ಒಳನುಗ್ಗಿದವನು ಮೊದಲು ಒಡೆದದ್ದು ಗುಪ್ತಲಿಪಿಯನ್ನಲ್ಲ. ಒಬ್ಬ ಮನುಷ್ಯನ ದಣಿವನ್ನು ಗುರುತಿಸಿ ಅಲ್ಲಿಂದಲೇ ಒಳಗೆ ಬಂದ. ಬೈಗುಳ, ಅವಸರ, ‘ಇನ್ನೂ ಆಗಲಿಲ್ಲವೇ’ ಎಂಬ ಬಿಟ್ಟಿ ಬಳಕೆದಾರರ ದರ್ಪ, ಇವೆಲ್ಲ ನಾವು ದಿನನಿತ್ಯ ಸಣ್ಣದೆಂದು ಎಣಿಸುವಂಥವು. ಅವನಿಗೆ ಅವೇ ಆಯುಧಗಳಾದವು.

ಹಾಗಾದರೆ ಆರೋಗ್ಯವೆಂದರೇನು? ತಪ್ಪಿಲ್ಲದಿರುವುದಲ್ಲ. ತಪ್ಪಿಲ್ಲದ ತಂತ್ರಾಂಶವಿಲ್ಲ, ಮನುಷ್ಯರು ಬರೆಯುವವರೆಗೆ ಇರುವುದೂ ಇಲ್ಲ. ತಪ್ಪು ಕಂಡವರು ಕೂಗಿದಾಗ ಓಗೊಡುವವರು ಇರುವುದು ಆರೋಗ್ಯ. ಆ ಓಗೊಡುವವರು ಒಬ್ಬರೇ ಅಲ್ಲದಿರುವುದು, ಅವರ ಮನೆಯ ಒಲೆ ಉರಿಯುತ್ತಿರುವುದು, ಅವರಿಗೆ ಭಾನುವಾರವೊಂದು ಇರುವುದು, ಬೇಡವೆನ್ನುವ ಹಕ್ಕಿರುವುದು ಆರೋಗ್ಯ. ಒಂದು ಯಂತ್ರ ಇನ್ನೊಂದನ್ನು ‘ಇದ್ದೀಯಾ?’ ಎಂದು ಕೇಳುವ ಏರ್ಪಾಡಿನಲ್ಲೇ ಅಂದು ತೂತು ಬಿದ್ದಿತ್ತು. ಆ ಯಂತ್ರಗಳನ್ನು ನೋಡಿಕೊಳ್ಳುವವರನ್ನು ಅದೇ ಪ್ರಶ್ನೆ ಕೇಳುವ ಏರ್ಪಾಡು ನಮ್ಮಲ್ಲಿ ಇರಲೇ ಇಲ್ಲ.

ಈ ಮಾತು ದೂರದ ಜರ್ಮನಿ, ಆಸ್ಟ್ರೇಲಿಯಾದ್ದು ಎಂದು ನಾವು ಕೈತೊಳೆದುಕೊಳ್ಳುವಂತಿಲ್ಲ. ಬೆಂಗಳೂರಿನ ಕಂಪನಿಗಳ ಸರ್ವರುಗಳಲ್ಲೂ ಇದೇ ತಂತ್ರಾಂಶಗಳು ದುಡಿಯುತ್ತಿವೆ. ಸಮಾಧಾನದ ಸಂಗತಿಯೂ ಇಲ್ಲಿಯದೇ ಇದೆ. ಬೆಂಗಳೂರಿನ ಷೇರು ವಹಿವಾಟು ಕಂಪನಿ ಝೆರೋಧಾ 2024ರಲ್ಲಿ ಫ್ಲಾಸ್ ಫಂಡ್ ಎಂಬ ನಿಧಿ ಆರಂಭಿಸಿ, ಜಗತ್ತಿನ ಯಾವ ಮೂಲೆಯ ಮುಕ್ತ ತಂತ್ರಾಂಶಕ್ಕಾದರೂ ಸಲ್ಲುವಂತೆ ವರ್ಷಕ್ಕೆ 10 ಲಕ್ಷ ಡಾಲರ್ ತೆಗೆದಿಡುವುದಾಗಿ ಹೇಳಿತು. ಬಿಟ್ಟಿಯಾಗಿ ಪಡೆದು ಬೆಳೆದವರು ಮರಳಿ ಕೊಡುವುದು ಉಪಕಾರವಲ್ಲ, ಬಾಕಿ ತೀರಿಸುವುದು. ಅಷ್ಟು ಕೊಡಲಾಗದ ಕಂಪನಿಗಳಿಗೂ ದಾರಿಯಿದೆ. ತಮ್ಮ ಒಬ್ಬ ಎಂಜಿನಿಯರಿಗೆ ವಾರದಲ್ಲಿ ಅರ್ಧ ದಿನ ಬಿಟ್ಟುಕೊಟ್ಟು, ತಾವು ಬಳಸುವ ತಂತ್ರಾಂಶದ ಹಳೆಯ ದೂರುಗಳನ್ನು ಓದಲು, ವಿವರಣೆ ತಿದ್ದಲು ಹೇಳಬಹುದು. ಹೊಸತು ಸೇರಿಸಲು ಬೇಡ, ಇದ್ದದ್ದನ್ನು ನೋಡಿಕೊಳ್ಳಲು.

ಕಚೇರಿಯಲ್ಲಿ ಬಜೆಟ್ ಬರೆಯುವ ಜಾಗದಲ್ಲಿ ನೀವು ಕುಳಿತಿದ್ದರೆ, ನಿಮ್ಮ ವ್ಯವಹಾರ ನಿಂತಿರುವ ಬಿಟ್ಟಿ ತಂತ್ರಾಂಶಗಳ ಪಟ್ಟಿ ಮಾಡಿಸಿ, ಒಂದೊಂದರ ಮುಂದೆ ಎರಡು ವಿಷಯ ಬರೆಸಿ: ಇದನ್ನು ನೋಡಿಕೊಳ್ಳುವವರು ಎಷ್ಟು ಜನ, ಅವರಿಗೆ ನಾವು ಕೊಟ್ಟದ್ದು ಎಷ್ಟು. ಎರಡನೆಯ ಕಾಲಂ ಖಾಲಿಯಿದ್ದರೆ ಈ ವರ್ಷವೇ ಅದನ್ನು ತುಂಬಿ. ಕೋಡು ಓದಬಲ್ಲವರಾಗಿದ್ದರೆ, ದೋಷ ಕಂಡಾಗ ಬೈಯಬೇಡಿ, ವಿವರವಾಗಿ ಬರೆದು ತಿಳಿಸಿ, ಜೊತೆಗೆ ಒಂದು ಕೃತಜ್ಞತೆಯ ಸಾಲಿರಲಿ. ಇದಾವುದೂ ನಮ್ಮಿಂದಾಗದು ಎನ್ನುವವರು ಇಷ್ಟಾದರೂ ಮಾಡೋಣ. ಯಾರೋ ನಿದ್ದೆಗೆಟ್ಟು ತಿದ್ದಿ ಕಳಿಸಿದ ಭದ್ರತಾ ಅಪ್‌ಡೇಟ್ ಫೋನಿಗೆ ಬಂದಾಗ ‘ನಾಳೆ’ ಎಂದು ಮುಂದೂಡದೆ, ಬಂದ ದಿನವೇ ಹಾಕಿಕೊಳ್ಳೋಣ.